ಡ್ಯೂಟಿ ಬಿಟ್ಟ ಮೇಲಿನ ಎರಡು ತಾಸು

ಕೊಪ್ಪಳ, ಭಾನುವಾರ

ಪ್ರೀತಿಯ ದೋಸ್ತ,

ನೀನು ಫೋನ್ ಮಾಡಿದಾಗ ನಾನಿನ್ನೂ ಪ್ಲಾಂಟ್ ಒಳಗಿದ್ದೆ. ಕ್ರೇನ್ ಸದ್ದಿನಲ್ಲಿ ಅರ್ಧ ಮಾತು ಕೇಳಿಸಲಿಲ್ಲ. ಕೇಳಿಸಿದ್ದು ಇಷ್ಟು: "ಕುಡಿತ ಬಿಡೋದೇನೋ ಬಿಟ್ಟೆ. ಈಗ ಡ್ಯೂಟಿ ಮುಗಿದ ಮೇಲೆ ಏನ್ ಮಾಡ್ಲಿ ಹೇಳು." ಅದು ಹೂಂ, ಹಾಂ ಅಂತ ಮುಗಿಸುವ ಮಾತಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

"ಮನಸ್ಸು ಗಟ್ಟಿ ಮಾಡ್ಕೋ" ಅಂತ ನಿನಗೆ ಈಗಾಗಲೇ ಹತ್ತಾರು ಮಂದಿ ಹೇಳಿರುತ್ತಾರೆ. ಸರಿ, ಗಟ್ಟಿ ಮಾಡಿಕೊಂಡೆ ಅಂದುಕೋ. ಆಮೇಲೆ? ಗಟ್ಟಿ ಮನಸ್ಸು ಇಟ್ಟುಕೊಂಡು ಗೋಡೆ ನೋಡ್ತಾ ಎಷ್ಟು ಹೊತ್ತು ಕೂರ್ತೀಯಾ? ನಮ್ಮಂಥ ಶಿಫ್ಟಿನವರಿಗೆ ಆ ಕ್ವಾರ್ಟರ್‌ ಬಾಟಲಿ ಜೊತೆ ಬೇಕಾದಷ್ಟು ಅಂಟಿಕೊಂಡಿತ್ತು. ಡ್ಯೂಟಿ ಮುಗೀತು ಅನ್ನೋದಕ್ಕೆ ಅದೇ ಗುರುತು. ಕೂರೋಕೆ ಒಂದು ಜಾಗ, ಮಾತಿಗೆ ಮಂದಿ, ಸೂಪರ್‌ವೈಸರ್‌ನನ್ನು ಬೈಯೋಕೆ ಒಂದಿಷ್ಟು ಹೊತ್ತು, ಕೊನೆಗೆ ನಿದ್ದೆ. ಬಾಟಲಿ ಬಿಟ್ಟ ದಿನ ಇವೆಲ್ಲಾ ಒಂದೇ ಸಲ ಕೈಬಿಟ್ಟವು. ನಿನಗೆ ಈಗ ಆಗ್ತಿರೋದು ಅದೇ.

ಮುಂದಿನ ಮಾತಿಗೆ ಮೊದಲು ಒಂದು ವಿಷಯ. ಮೊದಲ ಎರಡು ದಿನ ಕೈ ನಡುಗಿತು, ಬೆವರು ಬಂತು, ಯಾರಿಗೂ ಹೇಳದೆ ಮಲಗಿಬಿಟ್ಟೆ ಅಂದೆಯಲ್ಲ, ಅದು ನನಗೆ ಸರಿ ಕಾಣಲಿಲ್ಲ. ನೀನು ಪಾರಾದೆ, ಒಳ್ಳೇದೇ ಆಯ್ತು. ಆದರೆ ದಿನಾ ಜಾಸ್ತಿ ಕುಡಿಯೋರು ಏಕಾಏಕಿ ಬಿಟ್ಟರೆ ಮೊದಲೆರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡನೇ, ಮೂರನೇ ದಿನದ ಹೊತ್ತಿಗೆ ಇಲ್ಲದ್ದು ಕಾಣಿಸಿ ಬಡಬಡಿಸುವವರೂ ಇದ್ದಾರೆ. ಜೀವಕ್ಕೇ ಅಪಾಯ ಆಗಬಹುದು. ನಿನ್ನ ಜೊತೆ ಕೂರುತ್ತಿದ್ದವರಲ್ಲಿ ಯಾರಾದರೂ ನಿನ್ನನ್ನು ನೋಡಿ ಬಿಡ್ತೀನಿ ಅಂದರೆ, ಮೊದಲು ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ಗೆ ಕರೆದುಕೊಂಡು ಹೋಗು. ಅಲ್ಲಿ ಮನೋವೈದ್ಯರು ಇದ್ದಾರೆ. ನಡುಕ ತಡೆಯೋಕೆ ಕೆಲವು ದಿನ ಮಾತ್ರೆ ಕೊಡ್ತಾರೆ, ಬಿ1 ವಿಟಮಿನ್ ಕೊಡ್ತಾರೆ. ನೀನೂ ಒಮ್ಮೆ ತೋರಿಸಿಕೊಂಡು ಬಾ. ಇನ್ನೊಂದು ಮಾತು, ಇದನ್ನು ತಂಗಿಗೂ ಹೇಳು. "ಊಟದಲ್ಲಿ ಬೆರೆಸಿ ಕೊಡಿ, ಗೊತ್ತೇ ಆಗಲ್ಲ, ಕುಡಿತ ಬಿಡ್ತಾರೆ" ಅಂತ ಪುಡಿ ಮಾರ್ತಾರಲ್ಲ, ಅದನ್ನು ಮನೆಗೆ ತರೋದೇ ಬೇಡ. ಡೈಸಲ್ಫಿರಾಮ್ ಅಂತ ಒಂದು ಮಾತ್ರೆ ಇದೆ. ಅದನ್ನು ನುಂಗಿದ ಮೇಲೆ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಇಳಿದು ಹೃದಯಕ್ಕೂ ತೊಂದರೆ ಆಗಬಹುದು. ಡಾಕ್ಟರು ಅದನ್ನು ಕೊಡೋದಾದರೆ ರೋಗಿಗೆ ತಿಳಿಸಿ, ಅವನು ಒಪ್ಪಿದ ಮೇಲೇ. ಗೊತ್ತಿಲ್ಲದೆ ತಿನ್ನಿಸೋದು ಆಟ ಅಲ್ಲ.

ಈಗ ನಿನ್ನ ಪ್ರಶ್ನೆಗೆ ಬರ್ತೀನಿ.

ಬಿಟ್ಟ ಹೊಸದರಲ್ಲಿ ನಾನೂ ಒಂದು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದೆ. ಬೆಳಿಗ್ಗೆ ಐದಕ್ಕೆ ಏಳು, ಆರಕ್ಕೆ ವಾಕಿಂಗ್, ಸಂಜೆ ಏಳಕ್ಕೆ ಪುಸ್ತಕ. ಒಂದು ವಾರ ನಡೀತು, ಶಿಫ್ಟ್ ಬದಲಾಯಿತು, ವೇಳಾಪಟ್ಟಿ ಅಲ್ಲಿಗೆ ಸತ್ತಿತು. ಎ ಶಿಫ್ಟಿನವನಿಗೆ ಮಧ್ಯಾಹ್ನ ಎರಡಕ್ಕೇ ಸಂಜೆ. ಬಿ ಶಿಫ್ಟಿನವನಿಗೆ ರಾತ್ರಿ ಹತ್ತಕ್ಕೆ. ಸಿ ಶಿಫ್ಟಿನವನಿಗೆ ಬೆಳಗಿನ ಆರು ಗಂಟೆಯೇ ಸಂಜೆ ಕಣಪ್ಪಾ! ಹಾಗಾಗಿ ಗಡಿಯಾರ ನಂಬಬೇಡ, ಗೇಟ್ ನಂಬು. ಪಂಚ್ ಮಾಡಿ ಗೇಟ್ ದಾಟಿದ ಕ್ಷಣದಿಂದ ಎರಡು ತಾಸು, ಅಷ್ಟನ್ನು ಮಾತ್ರ ಕಟ್ಟಿಕೋ. ಹಗಲಾಗಲಿ ರಾತ್ರಿಯಾಗಲಿ, ಆ ಎರಡು ತಾಸಿನಲ್ಲಿ ಮಾಡೋ ಕೆಲಸ ಒಂದೇ ಇರಲಿ, ಅದೇ ಸಾಲಿನಲ್ಲಿ ಇರಲಿ. ಮಿಕ್ಕ ದಿನ ಹೆಂಗಾದರೂ ಹೋಗಲಿ ಬಿಡು.

ಮೊದಲು ದಾರಿ ಬದಲಿಸು. ಪ್ಲಾಂಟ್ ಇರೋ ಗಿಣಿಗೇರಾದಿಂದ ನಾನು ಹೆದ್ದಾರಿ ಹಿಡಿದೇ ಬರ್ತಿದ್ದೆ, ದಾರಿಯಲ್ಲಿ ಎಲ್ಲೆಲ್ಲಿ ಗಾಡಿ ತಾನಾಗೇ ನಿಲ್ಲುತ್ತಿತ್ತು ಅಂತ ನಿನಗೆ ಗೊತ್ತು. ನೆನಪಿದೆಯಾ, 2017ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಜಾರಿಗೆ ಬಂದು ಹೆದ್ದಾರಿಯಿಂದ 500 ಮೀಟರ್ ಒಳಗಿನ ಅಂಗಡಿ ಮುಚ್ಚಬೇಕು ಅಂದಾಗ ನಾವೇನು ಮಾಡಿದೆವು? 500 ಮೀಟರ್ ಒಳಗೆ ಹೋದೆವು. 2007ರಲ್ಲಿ ಸಾರಾಯಿ ಬಂದ್ ಆದಾಗ ನಮ್ಮೂರ ದೊಡ್ಡವರು ಪ್ಯಾಕೆಟ್ ಬಿಟ್ಟು ಕ್ವಾರ್ಟರ್‌ಗೆ ಬಂದರು. ಅಂಗಡಿ ಎಲ್ಲಿದ್ದರೂ ಹುಡುಕೋ ಜನ ನಾವು. ಹಾಗಾಗಿ ಅಂಗಡಿ ಮುಚ್ಚಲಿ ಅಂತ ಕಾಯಬೇಡ. ಈಗ ನಾನು ಜೊತೆಗೆ ಡ್ಯೂಟಿ ಬಿಡುವ ಒಬ್ಬ ಹುಡುಗನ ಗಾಡಿ ಹಿಂದೆ ಕೂತು ಬರ್ತೀನಿ. ಅವನು ಕುಡಿಯಲ್ಲ, ದಾರಿಯಲ್ಲಿ ಎಲ್ಲೂ ನಿಲ್ಲಿಸಲ್ಲ, ಮಾತು ಮಾತ್ರ ಜಾಸ್ತಿ.

ಆಮೇಲೆ ಹೊಟ್ಟೆ. ಇದನ್ನು ಯಾರೂ ಹೇಳಲ್ಲ. ಒಂದು ಕ್ವಾರ್ಟರ್ ಅಂದರೆ 180 ಮಿ.ಲೀ. ಅದರಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್, ಒಂದು ಗ್ರಾಮಿಗೆ 7 ಕ್ಯಾಲೊರಿ. ಲೆಕ್ಕ ಹಾಕು, 400 ದಾಟುತ್ತೆ. ದಿನಾ ಬರುತ್ತಿದ್ದದ್ದು ನಿಂತರೆ ಮೈ ಸುಮ್ನೆ ಇರುತ್ತಾ? ಸಿಹಿ ಬೇಕು ಅನ್ನಿಸುತ್ತೆ, ಕೋಪ ಬರುತ್ತೆ. ನಾವು ಅದನ್ನು ಕುಡಿಯೋ ಆಸೆ ಅಂದುಕೊಳ್ತೀವಿ, ಎಷ್ಟೋ ಸಲ ಅದು ಬರೀ ಹಸಿವು. ಬ್ಯಾಗಿನಲ್ಲಿ ಶೇಂಗಾ-ಬೆಲ್ಲ ಇಟ್ಟುಕೋ, ಗೇಟ್ ದಾಟಿದ ಕೂಡಲೇ ಬಾಯಿಗೆ ಹಾಕು. ಒಗ್ಗರಣೆ-ಮಿರ್ಚಿ ಅಂಗಡಿಗೆ ಮಾತ್ರ ಕೆಲವು ತಿಂಗಳು ಹೋಗಬೇಡ. ನನಗೂ ಮಿರ್ಚಿ ಅಂದರೆ ಪ್ರಾಣ, ಆದರೆ ವರ್ಷಗಟ್ಟಲೆ ಅದನ್ನು ಯಾವುದರ ಜೊತೆ ತಿಂದಿದ್ದೇವೆ ಅಂತ ನಾಲಿಗೆಗೆ ಚೆನ್ನಾಗಿ ನೆನಪಿದೆ.

ಮನೆ ಮುಟ್ಟಿದ ಮೇಲೆ ಏನು ಅಂತೀಯಾ? ನಗಬೇಡ. ನಾನು ರೊಟ್ಟಿ ಬಡೀತೀನಿ.

ಅವ್ವನ ಮಂಡಿ ನೋವು ಜಾಸ್ತಿಯಾಗಿ, ಬೇರೆ ದಾರಿ ಇಲ್ಲದೆ ಶುರುವಾದದ್ದು. ಜೋಳದ ಹಿಟ್ಟು ಗೋಧಿ ಹಾಗೆ ಅಂಟಾಗಲ್ಲ, ಎಳೆದರೆ ಹರಿದುಹೋಗುತ್ತೆ. ಕುದಿಯೋ ಎಸರು ಹೊಯ್ದು, ಕೈ ಸುಡುವಾಗಲೇ ನಾದಬೇಕು. ಆರಿದ ಮೇಲೆ ನಾದಿದರೆ ಅಂಚು ಬಿರುಕು ಬಿಡುತ್ತೆ. ಪರಾತದಲ್ಲಿ ಒಣಹಿಟ್ಟು ಉದುರಿಸಿ, ಉಂಡೆ ಇಟ್ಟು, ಅಂಗೈಯಿಂದ ಬಡೀತಾ ಬಡೀತಾ ಅದು ತಾನೇ ತಿರುಗಬೇಕು. ಅವ್ವನ ಕೈಯಲ್ಲಿ ಚಕ್ರದ ಹಾಗೆ ತಿರುಗುತ್ತೆ. ನನ್ನದು ಮೊದಲೆಲ್ಲಾ ಕರ್ನಾಟಕದ ನಕಾಶೆ ಆಗುತ್ತಿತ್ತು. ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಲ್ಲಿ ನೀರು ಸವರಿ, ಆ ನೀರು ಆರುವ ಹೊತ್ತಿಗೆ ಸರಿಯಾಗಿ ತಿರುವಿ ಹಾಕಬೇಕು. ಒಂದು ಗಳಿಗೆ ತಡ ಆದರೂ ಹಪ್ಪಳ. ಇಷ್ಟರಲ್ಲಿ ಎರಡೂ ಕೈ ತುಂಬಾ ಹಿಟ್ಟು. ಫೋನ್ ಬಂದರೆ ಎತ್ತೋಕಾಗಲ್ಲ. "ಎಲ್ಲಿದ್ದೀಯೋ, ಬಾ" ಅನ್ನೋರ ಫೋನು ಬರೋದು ಆ ಹೊತ್ತಿಗೇ ಅಲ್ವಾ?

ಡಾಕ್ಟರು ನನಗೆ ಹೇಳಿದ್ದರು, ಕುಡಿಯಬೇಕು ಅನ್ನೋ ಸೆಳೆತ ಏರುತ್ತೆ, ಆದರೆ ಅರ್ಧ ತಾಸಿನೊಳಗೆ ಸಾಮಾನ್ಯವಾಗಿ ತಾನೇ ಇಳಿಯುತ್ತೆ, ಅಷ್ಟು ಹೊತ್ತು ದಾಟಿಸು ಅಂತ. ಮನೆಮಂದಿಗೆಲ್ಲಾ ರೊಟ್ಟಿ ಆಗೋಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ನಿನಗೆ ರೊಟ್ಟಿನೇ ಆಗಬೇಕು ಅಂತಿಲ್ಲ. ಸೈಕಲ್ ರಿಪೇರಿ ಮಾಡು, ಎಮ್ಮೆ ಹಿಂಡು, ಏನಾದರೂ ಸರಿ. ಎರಡೂ ಕೈಗೆ ಕೆಲಸ ಇರಬೇಕು, ಮುಗಿದಾಗ ಕಣ್ಣಿಗೆ ಏನಾದರೂ ಕಾಣಬೇಕು. ಟಿವಿ, ಮೊಬೈಲು ಈ ಲೆಕ್ಕಕ್ಕೆ ಬರಲ್ಲ. ಯೋಗ ಎಲ್ಲರೂ ಹೇಳ್ತಾರೆ, ನನಗೆ ಹತ್ತಲಿಲ್ಲ. ಕಣ್ಣು ಮುಚ್ಚಿ ಕೂತರೆ ಕಾಣುತ್ತಿದ್ದದ್ದು ಬಾಟಲಿಯೇ.

ಸಿ ಶಿಫ್ಟ್ ವಾರ ಮಾತ್ರ ಬೇರೆ. ಬೆಳಿಗ್ಗೆ ಬಂದು ಗವಿಮಠದ ಬೆಟ್ಟ ಹತ್ತುತ್ತೀನಿ, ಬಿಸಿಲು ಏರೋ ಮುಂಚೆ ಇಳೀತೀನಿ. ಅಲ್ಲಿ ಬಂಡೆ ಮೇಲೆ ಅಶೋಕನ ಶಾಸನ ಇದೆ, 2,200 ವರ್ಷಕ್ಕೂ ಹಿಂದಿನದು. ಚಿಕ್ಕವರಿದ್ದಾಗ ಶಾಲೆಯಿಂದ ಕರೆದುಕೊಂಡು ಹೋಗಿದ್ದರು, ನಾವು ಬರೀ ಕೋತಿ ನೋಡಿ ಬಂದಿದ್ದೆವು. ಅದರಲ್ಲಿ ಏನಿದೆ ಅಂತ ಈಚೆಗೆ ಓದಿದೆ. ಅಶೋಕ ಹೇಳೋದು, ನಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಜಾಸ್ತಿ ಆಯ್ತು, ಆದರೆ ಮೊದಲು ಅಷ್ಟೇನೂ ಪ್ರಯತ್ನ ಮಾಡಲಿಲ್ಲ, ಭಿಕ್ಷುಗಳ ಸಂಘದ ಹತ್ತಿರ ಹೋದ ಮೇಲೆ ಒಂದು ವರ್ಷದಿಂದ ಚೆನ್ನಾಗಿ ಮಾಡ್ತಿದ್ದೀನಿ ಅನ್ನೋ ಅರ್ಥದ ಮಾತು. ಚಕ್ರವರ್ತಿಯಾದವನು ಇದನ್ನು ಕಲ್ಲಿನಲ್ಲಿ ಕೊರೆಸಿದ್ದಾನೆ! ನನಗೆ ಬಹಳ ಹಿಡಿಸಿತು. ಸಂಘದ ಮಾತು ಅಂತೂ ಸತ್ಯ, ಒಬ್ಬನೇ ಇದ್ದರೆ ನಡೆಯಲ್ಲ.

ಎಎ ಅಂತ ಕೇಳಿದ್ದೀಯಲ್ಲ, ಆಲ್ಕೊಹಾಲಿಕ್ಸ್ ಅನಾನಿಮಸ್. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಒಬ್ಬ ಷೇರು ವ್ಯಾಪಾರದವನು, ಒಬ್ಬ ಸರ್ಜನ್, ಇಬ್ಬರೂ ಕುಡುಕರೇ, ಎದುರುಬದುರು ಕೂತು ಮಾತಾಡಿದ್ದರಿಂದ ಶುರುವಾದದ್ದು. ಫೀಸಿಲ್ಲ, ಹೆಸರು ಹೇಳಬೇಕಾಗಿಲ್ಲ. ರಾಯಚೂರಿನಲ್ಲಿ ಆಸ್ಪತ್ರೆಗೆ ಹೋದಾಗ ಸಭೆ ಎಲ್ಲಿ ನಡೆಯುತ್ತೆ ಅಂತ ವಿಚಾರಿಸು. ಅಲ್ಲಿವರೆಗೂ ನಾವಿಬ್ಬರು ಇದ್ದೀವಲ್ಲ. ನಡುರಾತ್ರಿ ನಾನು ಸಿಗದಿದ್ದರೆ 14416ಕ್ಕೆ ಮಾಡು, ಟೆಲಿ ಮಾನಸ್ ಅಂತ, 2022ರಿಂದ ನಡೀತಿದೆ, ದುಡ್ಡು ಹಿಡಿಯಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ನಾನು ಸೋಮವಾರ ನಮ್ಮ ಓಣಿಯ ಭಜನೆಗೂ ಹೋಗ್ತೀನಿ. ದಮ್ಮಡಿ ಕೊಟ್ಟಿದ್ದಾರೆ ಕೈಗೆ. ನಿಜ ಹೇಳಬೇಕಂದರೆ ಅಲ್ಲೂ ಒಬ್ಬಿಬ್ಬರು ಹಾಕಿಕೊಂಡೇ ಬರ್ತಾರೆ. ಅವರ ಪಕ್ಕ ಕೂರಲ್ಲ, ಅಷ್ಟೇ.

ಮದುವೆ, ದ್ಯಾವರು, ಬಾಡೂಟ ಇದ್ದೇ ಇರುತ್ತೆ. "ಒಂದೇ ಒಂದು ಪೆಗ್, ನನ್ನ ಮೇಲಾಣೆ" ಅನ್ನೋರಿಗೆ ಕುಡಿತ ಬಿಟ್ಟೆ ಅಂತ ಹೇಳಬೇಡ, ಪಂಚಾಯ್ತಿ ಕೂರುತ್ತೆ. "ಮಾತ್ರೆ ತಗೋತಿದೀನಿ, ಡಾಕ್ಟರು ಬೈತಾರೆ" ಅನ್ನು. ನಮ್ಮ ಕಡೆ ಮಂದಿ ದೇವರ ಆಣೆಗೂ ಹೆದರಲ್ಲ, ಮಾತ್ರೆಗೆ ಹೆದರ್ತಾರೆ. ಊಟ ಮಾಡು, ಎಲೆ-ಅಡಿಕೆ ಕೈಗೆ ಬಂದ ಕೂಡಲೇ ಹೊರಡು.

ನಿದ್ದೆ ಕೆಲವು ವಾರ ಕೈಕೊಡುತ್ತೆ, ಹೆದರಬೇಡ. ಬೇಜಾರೂ ಆಗುತ್ತೆ. ರೊಟ್ಟಿ ಮುಗಿದು, ಊಟ ಮುಗಿದು, ಏನೂ ಮಾಡೋಕಿಲ್ಲದ ಹೊತ್ತು ನನಗೆ ಈಗಲೂ ಇದೆ. ಅದನ್ನೂ ತುಂಬಿಸ್ತೀನಿ ಅಂತ ಹತ್ತು ಹವ್ಯಾಸ ಹಚ್ಚಿಕೊಂಡರೆ ಹತ್ತೂ ಬಿದ್ದುಹೋಗ್ತವೆ. ಬೇಜಾರಾದರೆ ಆಗಲಿ, ಅಂಗಳದಲ್ಲಿ ಸುಮ್ನೆ ಕೂರು.

ಬರೋ ವಾರ ನನ್ನದು ಬಿ ಶಿಫ್ಟ್, ನಿನ್ನದು ಎ ಅಂದೆ. ಮಧ್ಯಾಹ್ನ ನೀನು ಗೇಟ್ ದಾಟೋ ಹೊತ್ತಿಗೆ ನಾನು ಒಳಗಿರ್ತೀನಿ, ಸಿಗಲ್ಲ. ಹಾಗಾಗಿ ಬೆಳಿಗ್ಗೆ ನಿನ್ನ ಟೀ ಬ್ರೇಕಿಗೆ ಫೋನ್ ಹಚ್ಚು, ಆ ದಿನದ ಎರಡು ತಾಸಿಗೆ ಏನು ಮಾಡ್ತೀ ಅಂತ ಹೇಳು. ಇನ್ನೂ ಗೊತ್ತಿಲ್ಲ ಅಂದರೂ ಹಚ್ಚು, ಇಬ್ಬರೂ ಸೇರಿ ಏನಾದರೂ ಹುಡುಕೋಣ. ತಂಗಿಗೆ, ಮಕ್ಕಳಿಗೆ ಕೇಳಿದೆ ಅಂತ ಹೇಳು.

ನಿನ್ನ ದೋಸ್ತ