ಪಕ್ಕದ ಟೇಬಲ್ ಅಣ್ಣಂಗೆ ಥ್ಯಾಂಕ್ಸ್

ಮೊನ್ನೆ ರಾತ್ರಿ ನಮ್ಮ ಏರಿಯಾ ಬಾರ್ ಆಂಡ್ ರೆಸ್ಟೋರೆಂಟ್‌ನಲ್ಲಿ ಪಕ್ಕದ ಟೇಬಲ್ಲಲ್ಲಿ ಕೂತಿದ್ದ ಅಣ್ಣ, ನಿಮ್ಮ ಹೆಸರೂ ಕೇಳ್ಲಿಲ್ಲ ನೋಡಿ. ಊಟ ಸೂಪರ್, ಮ್ಯೂಸಿಕ್ ಮಾತ್ರ ಕಿವಿ ಕಿತ್ತೋಗೋ ಥರ, ಆ ಗಲಾಟೇಲಿ ನನ್ನ ಫ್ರೆಂಡ್ ಗಂಟಲಿಗೆ ತುತ್ತು ಸಿಕ್ಕಾಕೊಂಡಿದ್ದು ನಮಗೆ ಗೊತ್ತೇ ಆಗ್ಲಿಲ್ಲ, ಕೆಮ್ಮೂ ಇಲ್ಲ ಮಾತೂ ಇಲ್ಲ, ಕತ್ತು ಹಿಡ್ಕೊಂಡು ಕಣ್ಣು ಕಣ್ಣು ಬಿಡ್ತಿದ್ದ. ನಾನು ಪೆದ್ದನ ಥರ ನೀರು ಕುಡ್ಸೋಕೆ ಹೋದೆ, ನೀವು ಗ್ಲಾಸ್ ಕಿತ್ಕೊಂಡು ಅವನನ್ನ ಬಗ್ಗಿಸಿ ಬೆನ್ನಿಗೆ 5 ಸಲ ಗುದ್ದಿದ್ರಿ, ಆಗ್ಲಿಲ್ಲ, ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲ್ಗಡೆ ಮುಷ್ಟಿ ಒತ್ತಿ ಎಳೆದ್ರಿ, ಮೂರನೇದಕ್ಕೆ ತುತ್ತು ಹೊರಗೆ! (ಹಿಂಗೆ ಹೊಟ್ಟೆ ಒತ್ತೋ ಉಪಾಯನ 1974ರಲ್ಲಿ ಹೈಮ್ಲಿಕ್ ಅನ್ನೋ ಡಾಕ್ಟರ್ ಬರೆದಿದ್ರಂತೆ, ಮನೆಗೆ ಬಂದು ಓದಿದೆ.) ನಿಮ್ಮ ಬಿಲ್ಲಾದ್ರೂ ಕೊಡೋಣ ಅಂತ ತಿರುಗಿದ್ರೆ ನೀವಿಲ್ಲ, ಅರ್ಧ ಗ್ಲಾಸ್ ಹಂಗೇ ಇತ್ತು.