ಮಳೆ ತರಿಸುವವರ ಫೋಟೋಗಳು ಮತ್ತು ನಾನು ಹೇಳಬೇಕಾದ ಥ್ಯಾಂಕ್ಸ್

ಅಂತೂ ವೈವಾ ಮುಗಿಯಿತು. ಪಿಎಚ್‌ಡಿ ಕೈಗೆ ಬಂತು. ಈಗಿನ ದಕ್ಷಿಣ ಸುಡಾನಿನ ಟೋರಿಟ್ ಸುತ್ತಮುತ್ತ ಇರುವ ಲೋಟುಕೊ ಜನರಲ್ಲಿ ಮಳೆ ತರಿಸುವವರನ್ನು ಹೊರಗಿನವರು ಮೊದಮೊದಲು ಹೇಗೆ ಬರೆದುಕೊಂಡರು, ಹೇಗೆ ಫೋಟೋ ತೆಗೆದರು ಅನ್ನೋದು ನನ್ನ ವಿಷಯ. "ಇದನ್ನ ಓದಿದ್ರೆ ಏನು ಕೆಲಸ ಸಿಗುತ್ತೆ?" ಅಂತ ಕೇಳಿದ ನೆಂಟರಿಗೂ ಥ್ಯಾಂಕ್ಸ್. ಗೊತ್ತಾದ ತಕ್ಷಣ ತಿಳಿಸುತ್ತೇನೆ.

ಮೊದಲ ನಮಸ್ಕಾರ ಗೈಡ್ ಮೇಡಂಗೆ. "ಕಣ್ಣಿಗೆ ಕಂಡದ್ದನ್ನ ಮೊದಲು ಬರಿ, ಥಿಯರಿ ಆಮೇಲೆ" ಅಂತ ಪ್ರತಿ ಅಧ್ಯಾಯಕ್ಕೂ ಗದರಿದವರು ಅವರೇ. ಕ್ಯಾಮೆರಾ ಬರುವುದಕ್ಕಿಂತ ಮುಂಚೆಯಿಂದ ಶುರು ಮಾಡು ಅಂದವರೂ ಅವರೇ. ಇಂಗ್ಲಿಷ್ ಅನ್ವೇಷಕ ಸ್ಯಾಮ್ಯುಯೆಲ್ ಬೇಕರ್ 1863ರಲ್ಲಿ ಆ ನಾಡಿಗೆ ಹೋಗಿ, ಗಂಡಸರ ತಲೆಯ ಮೇಲಿನ ಶಿರಸ್ತ್ರಾಣವನ್ನು ವರ್ಣಿಸಿದ್ದಾನೆ. ಅದು ಅವರದೇ ಕೂದಲು. ಮರದ ತೊಗಟೆಯ ದಾರದ ಜೊತೆ ಹೆಣೆದು ಹೆಣೆದು ಕಂಬಳಿಯಂತೆ ಗಟ್ಟಿ ಮಾಡಿದ್ದು. ಅದರ ಮೇಲೆ ಕೆಂಪು, ನೀಲಿ ಮಣಿ, ಮುಂದೆ ಫಳಫಳ ಹೊಳೆಯುವ ತಾಮ್ರದ ತಗಡು, ಜೊತೆಗೆ ಕವಡೆ. ಪೂರ್ತಿಯಾಗಲು 8–10 ವರ್ಷ ಬೇಕಂತೆ! ಬೇಕರ್‌ಗೆ ಜಂಬ ಜಾಸ್ತಿ, ಆದರೆ ಈ ಪುಟಕ್ಕೆ ಅವನ ಜಂಬವನ್ನೂ ಕ್ಷಮಿಸಬಹುದು.

ಟೋರಿಟ್ ಕಡೆಯಿಂದ ಬೆಂಗಳೂರಿಗೆ ಓದಲು ಬಂದಿರುವ ಗೆಳೆಯನ ಋಣ ದೊಡ್ಡದು. ಲೋಟುಕೊಗಳ ನೆರೆಯ ಓಬೊದಲ್ಲಿ ಕಚಿಬಾ ಅಂತ ಒಬ್ಬ ಮುಖಂಡನಿದ್ದ, ಮಳೆ ತರಿಸುವವನು. ಮೇಕೆ ಕೊಡದಿದ್ದರೆ ಮಳೆಯೂ ಇಲ್ಲ ಅಂತ ಅವನು ಜನರಿಗೆ ಹೇಳುತ್ತಿದ್ದುದನ್ನು ಬೇಕರ್ ತಮಾಷೆಯಾಗಿ ಬರೆದಿದ್ದಾನೆ. ಗೆಳೆಯ ನಗಲಿಲ್ಲ. "ಮೇಕೆ ತಗೊಂಡವನು ಮಳೆ ಬಾರದಿದ್ದರೆ ಉತ್ತರ ಕೊಡಬೇಕು, ಅಲ್ವಾ?" ಅಂದ. ನನ್ನ ಮೂರನೇ ಅಧ್ಯಾಯ ನಿಂತಿರುವುದೇ ಆ ಮಾತಿನ ಮೇಲೆ. ಮಳೆ ತರಿಸುವ ಕೆಲಸ ವಂಶದಿಂದ ಬರುವಂಥದ್ದು. ಮಳೆ ಸರಿಯಾಗಿ ಆದರೆ ಮರ್ಯಾದೆ. ತಪ್ಪಿದರೆ, ಇವರೇ ಬೇಕಂತ ಮಳೆ ತಡೆದಿದ್ದಾರೆ ಅನ್ನುವ ಗುಮಾನಿ. ಆ ಸೀಮೆಯಲ್ಲಿ ಅಂಥವರನ್ನು ಓಡಿಸಿದ್ದೂ ಇದೆ, ಕೊಂದದ್ದೂ ಇದೆ.

ಮಾನವಶಾಸ್ತ್ರಜ್ಞರಾದ ಚಾರ್ಲ್ಸ್ ಮತ್ತು ಬ್ರೆಂಡಾ ಸೆಲಿಗ್ಮನ್ ದಂಪತಿ 1921–22ರಲ್ಲಿ ಕ್ಯಾಮೆರಾ ಹಿಡಿದು ದಕ್ಷಿಣ ಸುಡಾನ್ ಸುತ್ತಿದರು. ಅವರ ದೊಡ್ಡ ಪುಸ್ತಕ ಬಂದದ್ದು 1932ರಲ್ಲಿ. ಆ ಕಾಲದ ಫೋಟೋದಲ್ಲಿ ಮನುಷ್ಯ ಬಿಸಿಲಲ್ಲಿ ನೆಟ್ಟಗೆ ನಿಂತಿರುತ್ತಾನೆ, ಅಷ್ಟೇ. ಮುಂದಿನ ಮಳೆಗಾಲದ ಭಯ ಅದರಲ್ಲಿ ಬೀಳುವುದಿಲ್ಲ. ಅದಕ್ಕೆ ಬರವಣಿಗೆಯನ್ನೂ ಫೋಟೋವನ್ನೂ ಪಕ್ಕಪಕ್ಕ ಇಟ್ಟುಕೊಂಡೇ ಓದಬೇಕಾಯಿತು.

ಹಾಗೆ ಓದಲು ಆದದ್ದು ಆಕ್ಸ್‌ಫರ್ಡಿನ ಪಿಟ್ ರಿವರ್ಸ್ ಮ್ಯೂಸಿಯಂ ಸಿಬ್ಬಂದಿಯಿಂದ. ಅವರ ಮುಖವನ್ನೂ ನಾನು ನೋಡಿಲ್ಲ. ದಕ್ಷಿಣ ಸುಡಾನಿನ ಫೋಟೋಗಳನ್ನು ಯಾರು ತೆಗೆದದ್ದು, ಎಲ್ಲಿ, ಯಾವಾಗ ಅನ್ನುವ ವಿವರದ ಸಮೇತ ಎಲ್ಲರಿಗೂ ಬಿಟ್ಟಿಯಾಗಿ ತೆರೆದಿಟ್ಟಿದ್ದಾರೆ. ವೀಸಾ ಬೇಡ, ವಿಮಾನ ಬೇಡ. ನನ್ನಂಥವರಿಗೆ ಇದು ಸಣ್ಣ ಮಾತಲ್ಲ.

ಫೆಲೋಶಿಪ್ ಹಣ ತಿಂಗಳುಗಟ್ಟಲೆ ಬಾರದೇ ಇದ್ದಾಗ ಮೆಸ್ ಬಿಲ್ ಕಟ್ಟಿದ ಹಾಸ್ಟೆಲ್ ಗೆಳತಿಯರಿಗೆ, ಸಾಲ ಅಂತ ಒಮ್ಮೆಯೂ ನೆನಪಿಸದ ಅಕ್ಕನಿಗೆ, ರಾತ್ರಿಯೆಲ್ಲಾ ಕೂತು ಬೈಂಡ್ ಮಾಡಿಕೊಟ್ಟ ಜೆರಾಕ್ಸ್ ಅಂಗಡಿಯ ಅಣ್ಣನಿಗೆ ಕೈಮುಗಿದೆ.

ಗೆಳೆಯನಿಗೂ ಒಂದು ಪ್ರತಿ ಕೊಟ್ಟಿದ್ದೇನೆ. ಕನ್ನಡ ಬಾರದು, ಆದರೂ ಚಿತ್ರಗಳಿರುವ ಪುಟಗಳನ್ನೆಲ್ಲ ಊರಿನ ಚಿಕ್ಕಮ್ಮನಿಗೆ ವಾಟ್ಸಾಪ್ ಮಾಡಿದ್ದಾನೆ. ಇವರು ಯಾವ ಊರಿನವರು, ಯಾರ ಮನೆಯವರು ಅಂತ ಅಲ್ಲಿಂದ ಪ್ರಶ್ನೆ ಬರುತ್ತಲೇ ಇವೆ. ಮ್ಯೂಸಿಯಂ ಕ್ಯಾಟಲಾಗ್ ಮತ್ತೆ ತೆರೆದು ಕೂತಿದ್ದೇನೆ.