ಜೆ.ಸಿ. ರಸ್ತೆಯ ಯಜಮಾನರಿಗೆ

ಹೋದ ತಿಂಗಳು ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ನನ್ನ ಪಕ್ಕ ನಿಂತಿದ್ದಿರಿ. ಹೆಸರು ಕೇಳುವುದನ್ನೇ ಮರೆತೆ. ಅದಕ್ಕೇ ಈ ಬರಹ.

ಅಪ್ಪನ 1978ರ ಪದ್ಮಿನಿ ಕಾರನ್ನು ಮೈಸೂರಿನ ಮನೆಯ ಶೆಡ್ಡಿನಲ್ಲೇ ರೆಡಿ ಮಾಡುತ್ತಿದ್ದೇನೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಅಂದರೆ ಚಕ್ರದ ಡ್ರಮ್ಮನ್ನು ಒಳಗಿನಿಂದ ಶೂ ಒತ್ತಿ ಹಿಡಿಯುವಂಥದ್ದು, ಇದ್ದ ಗಾಡಿ. ಮುಂದಿನ ಎರಡಕ್ಕೆ ಡಿಸ್ಕ್ ಬ್ರೇಕ್ ಹಾಕಿದೆ, ಇದರಲ್ಲಿ ತಿರುಗುವ ತಟ್ಟೆಯನ್ನು ಎರಡೂ ಕಡೆಯಿಂದ ಪ್ಯಾಡ್ ಹಿಡಿಯುತ್ತದೆ. ಬ್ರೇಕ್ ಚೆನ್ನಾಗಿ ಹಿಡಿಯಿತು, ಆದರೆ ಬಿಡಲೇ ಇಲ್ಲ! ಎರಡು ಕಿಲೋಮೀಟರ್ ಹೋಗಿ ಬಂದರೆ ಚಕ್ರ ದೋಸೆ ಕಾವಲಿಯ ಹಾಗೆ ಕಾದಿರುತ್ತಿತ್ತು. ಪ್ಯಾಡ್ ಒತ್ತುವ ಕ್ಯಾಲಿಪರ್ ಎರಡು ಸಲ ಸುಮ್ನೆ ಬಿಚ್ಚಿದೆ.

ನೀವು ಕೇಳಿದ್ದು ಒಂದೇ ಮಾತು: "ಮಾಸ್ಟರ್ ಸಿಲಿಂಡರ್ ಹಳೇದೇನಾ ತಮ್ಮಾ?"

ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಭಾಗ ಅದು. ಆಮೇಲೆ ಬಿಲ್ಲಿನ ಹಿಂದೆ ಚಿತ್ರ ಬರೆದಿರಿ. ಡ್ರಮ್ ಬ್ರೇಕಿನ ಹಳೇ ಮಾಸ್ಟರ್ ಸಿಲಿಂಡರಿನ ಬಾಯಲ್ಲಿ ಪುಟ್ಟ ವಾಲ್ವ್ ಇದೆ. ಪೆಡಲ್ ಬಿಟ್ಟ ಮೇಲೂ ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸುತ್ತದೆ. ಡ್ರಮ್ಮಿನಲ್ಲಿ ಶೂ ಹಿಂದಕ್ಕೆಳೆಯಲು ಗಟ್ಟಿ ಸ್ಪ್ರಿಂಗ್ ಇರುತ್ತದೆ, ತೊಂದರೆ ಇಲ್ಲ. ಡಿಸ್ಕಿಗೆ ಅಂಥದ್ದಿಲ್ಲವಲ್ಲ, ಅಷ್ಟು ಒತ್ತಡಕ್ಕೇ ಪ್ಯಾಡ್ ಉಜ್ಜುತ್ತಾ ಕೂರುತ್ತದೆ.

ನೀವು ಹೇಳಿದಂತೆ, ಮುಂದೆ ಡಿಸ್ಕ್ ಹಿಂದೆ ಡ್ರಮ್ ಇರುವ ಗಾಡಿಯ ಟ್ಯಾಂಡಮ್ ಸಿಲಿಂಡರ್, ಅಂದರೆ ಎರಡು ಬೇರೆ ಬೇರೆ ಲೈನಿಗೆ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್, ಕೂರಿಸಿದೆ. ಒಂದು ಲೈನ್ ಸೋರಿದರೂ ಇನ್ನೊಂದು ಕೈ ಕೊಡುವುದಿಲ್ಲ. ಮಗಳು ಪೆಡಲ್ ತುಳಿದಳು, ನಾನು ಪೈಪಿನೊಳಗಿನ ಗಾಳಿ ತೆಗೆದೆ. ಬ್ರೇಕ್ ಆಯಿಲ್ ಚೆಲ್ಲಿ ಹೊಸ ಪೇಂಟ್ ಎದ್ದಿತು. ಅದು ನನ್ನದೇ ಅವಸರ, ಬಿಡಿ.

ಈಗ ಜಾಕ್ ಹಾಕಿ ತಿರುಗಿಸಿದರೆ ಚಕ್ರ ಬೆರಳಿಗೇ ಸುತ್ತುತ್ತದೆ. ಮೊನ್ನೆ ಚಾಮುಂಡಿ ಬೆಟ್ಟ ಹತ್ತಿಳಿದು ಬಂದೆವು. ನಿಮ್ಮ ಚಿತ್ರ ಶೆಡ್ಡಿನ ಗೋಡೆಯ ಮೇಲಿದೆ. ತುಂಬಾ ಥ್ಯಾಂಕ್ಸ್ ಸರ್.